ಅಕ್ಕನ ಕಣ್ಣಿನ ಎತ್ತರ

ಫೆಬ್ರವರಿ 3, ಸೋಮವಾರ

ಉಪ್ಪಿನ ಡಬ್ಬಿ ಮತ್ತೆ ಜಾಗ ಬದಲಿಸಿದೆ. ಹನ್ನೆರಡು ವರ್ಷ ಒಲೆಯ ಬಲಕ್ಕೆ ತೆಪ್ಪಗಿದ್ದದ್ದು, ಅಕ್ಕ ಬಂದ ಐದು ವಾರದಲ್ಲಿ ಅಡುಗೆಮನೆಯೆಲ್ಲ ಸುತ್ತಿ ಈಗ ಕಿಟಕಿಯ ಕಟ್ಟೆಯ ಮೇಲೆ ಬಂದು ಕೂತಿದೆ. ಕೇಳಿದರೆ, "ಅಲ್ಲಿ ಬೆಳಕಿದೆ ಕಣೋ" ಅನ್ನುತ್ತಾಳೆ. ಉಪ್ಪಿಗೇಕೆ ಬೆಳಕು?

ಅದನ್ನಾದರೂ ಸಹಿಸಬಹುದು. ನಾನು ಮಾತಾಡುವಾಗ ಅವಳು ನನ್ನ ಮುಖ ನೋಡುವುದಿಲ್ಲವಲ್ಲ, ಅದನ್ನು ಮಾತ್ರ ಸಹಿಸಲಾಗುವುದಿಲ್ಲ. ಊಟಕ್ಕೆ ಕೂತರೆ ನನ್ನ ಎಡಭುಜದಾಚೆ ಗೋಡೆಯಲ್ಲಿರುವ ಮೊಳೆಯನ್ನೇ ನೋಡುತ್ತ ಹೂಂಗುಡುತ್ತಾಳೆ. ನನಗಿಂತ ಮೊದಲು ಇಲ್ಲಿದ್ದವರು ಹೊಡೆದ ಸೊಟ್ಟ ಮೊಳೆ ಅದು. ನಾನು ಮ್ಯೂಸಿಯಮ್ಮಿನಲ್ಲಿ ಮೂವತ್ತೊಂದು ವರ್ಷದಿಂದ ಚಿತ್ರ ತೂಗುಹಾಕುವವನು. ಒಂದು ಫ್ರೇಮು ಕೂದಲೆಳೆಯಷ್ಟು ವಾಲಿದರೂ ನನಗೆ ನಿದ್ದೆ ಬಾರದು. ಅದಕ್ಕೇ ಅಲ್ಲಿ ಎಲ್ಲರೂ ನನ್ನನ್ನು, ಗುಳ್ಳೆ ನೋಡಿ ಮಟ್ಟ ಹಿಡಿಯುವ ಸಲಕರಣೆಯ ಹೆಸರಿಟ್ಟು, ರಸಮಟ್ಟ ಅಂತಲೇ ಕರೆಯುವುದು. ಅಂಥವನ ಮನೆಯಲ್ಲಿ ಸೊಟ್ಟ ಮೊಳೆ! ದೀಪದ ಬುಡದಲ್ಲೇ ಕತ್ತಲು. ಈ ವಾರ ಅದನ್ನು ಕೀಳಲೇಬೇಕು.

ಮೆಟ್ಟಿಲಲ್ಲಿ ಜಾರಿಬಿದ್ದ ಮೇಲೆ "ಒಂದೆರಡು ತಿಂಗಳು ಇರ್ತೀನಿ, ಕಣ್ಣು ಸ್ವಲ್ಪ ಮಂಜು" ಅಂತ ಬಂದವಳು. ಎಂಟು ತಿಂಗಳಿಗೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದಾಗ ನಮ್ಮಿಬ್ಬರಿಗೂ ಎಷ್ಟು ಚೆನ್ನಾಗಿ ಹೊಂದಿಕೆಯಾಗುತ್ತಿತ್ತು. ಸೇತುವೆಯಾಚೆಯ ಹಿರಿಯರ ನಿವಾಸದಲ್ಲಿ ಮಾರ್ಚಿಗೆ ಒಂದು ಕೋಣೆ ಖಾಲಿಯಾಗುತ್ತದಂತೆ. ಅರ್ಜಿ ತಂದು ಮೇಜಿನ ಖಾನೆಯಲ್ಲಿಟ್ಟಿದ್ದೇನೆ. 28ರೊಳಗೆ ಕೊಡಬೇಕು.

ಅದೇ 28ಕ್ಕೆ ಮ್ಯೂಸಿಯಮ್ಮಿನಲ್ಲಿ ಹೊಸ ಫೋಟೋ ಪ್ರದರ್ಶನದ ಉದ್ಘಾಟನೆ. ರಾತ್ರಿ ಎಂಟರಿಂದ ಹನ್ನೆರಡು, ಸಂಗೀತ, ಕುಡಿಯಲು ವೈನು. ಈ ರಾತ್ರಿ ಉದ್ಘಾಟನೆಗಳೆಂದರೆ ನನಗೆ ಮೈಯೆಲ್ಲ ಉರಿ. ಗೋಡೆಗೆ ಒರಗಿ ನಗುತ್ತಾರೆ, ಚಿತ್ರಕ್ಕೆ ಬೆನ್ನು ಹಾಕಿ ಹರಟುತ್ತಾರೆ. ಹೋದ ಸಲ ಯಾರೋ ಪುಣ್ಯಾತ್ಮರು ಫ್ರೇಮಿನ ತಲೆಯ ಮೇಲೆ ಲೋಟ ಇಟ್ಟುಹೋಗಿದ್ದರು. ಇನ್ನು ಆ ಸಂಗೀತ, ನನ್ನ ಪಾಲಿಗೆ ಕೋಣನ ಮುಂದೆ ಕಿನ್ನರಿ.

ಫೆಬ್ರವರಿ 5, ಬುಧವಾರ

ಇವತ್ತು ಪ್ರದರ್ಶನದ ಪೆಟ್ಟಿಗೆ ಒಡೆದೆವು. ಅರವತ್ತೆರಡು ಕಪ್ಪುಬಿಳುಪು ಫೋಟೋಗಳು. ತೆಗೆದವರು ಸತ್ತು ಎಂಟು ವರ್ಷವಾಗಿದೆ. ದೊಡ್ಡ ಹೆಸರು. ಅಕ್ಕ ಯಾರದೋ ಡಾರ್ಕ್‌ರೂಮಿನಲ್ಲಿ, ಫೋಟೋ ತೊಳೆಯುವ ಕತ್ತಲೆಕೋಣೆಯಲ್ಲಿ, ಪ್ರಿಂಟ್ ಮಾಡುತ್ತಿದ್ದಳು ಎಂದಷ್ಟೇ ಗೊತ್ತಿದ್ದ ನಾನು, ಯಾರದು ಅಂತ ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಮೊದಲನೆಯದನ್ನು ತಿರುಗಿಸಿದಾಗ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ಮುಖ 4, ಕಿಟಕಿ 11. ಆ ನಾಲ್ಕನ್ನು ಎಲ್ಲಿ ಕಂಡರೂ ನಾನು ಗುರುತಿಸಬಲ್ಲೆ. ತಲೆ ಬಿಚ್ಚಿಕೊಂಡು ಬಾಲ ಎಳೆದುಕೊಂಡಿರುವ ನಾಲ್ಕು. ಇವತ್ತು ಬೆಳಿಗ್ಗೆ ಅಕ್ಕ ಕೊಟ್ಟ ಅಂಗಡಿ ಚೀಟಿಯಲ್ಲಿ 'ಬಲ್ಬು 4' ಅಂತ ಇದ್ದದ್ದೂ ಅದೇ ನಾಲ್ಕು. ಒಂದೊಂದಾಗಿ ಅರವತ್ತೆರಡನ್ನೂ ತಿರುಗಿಸಿ ನೋಡಿದೆ. ಎಲ್ಲದರಲ್ಲೂ ಅವಳ ಕೈ.

ಮನೆಗೆ ಬಂದು ಹೇಳಿದೆ. ಅವಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು.

"ನಮ್ಮ ಸಾಹೇಬರು ತೆಗೆದಿದ್ದಾ?"

"ಹೂಂ. ಅರವತ್ತೆರಡು."

"ಹೊಲಿಗೆಯಜ್ಜಿ ಇದಾಳಾ? ಮಿಷನ್ ಮೇಲೆ ತಲೆ ಇಟ್ಟು ನಿದ್ದೆ ಹೋಗಿರೋಳು?"

ಇದ್ದಳು, ಮೊದಲು ತಿರುಗಿಸಿದ್ದೇ ಅದು. ಅಳತೆ ಬರೆದುಕೊಂಡಿದ್ದೆ, ಮೂವತ್ತಕ್ಕೆ ನಲವತ್ತು.

"ಅಳತೆ ಯಾರು ಕೇಳಿದ್ರೋ! ಮುಖ ಹೇಗಿದೆ?"

ಮುಖ ನೋಡಿರಲಿಲ್ಲ. ನಾನು ನೋಡುವುದು ಅಂಚು. ಹಾಗೆಂದಾಗ ಅಕ್ಕ ಆ ದರಿದ್ರ ಮೊಳೆಯ ಕಡೆ ತಿರುಗಿದಳು. "ಹನ್ನೊಂದು ರಾತ್ರಿ ಹಿಡೀತು ಆ ಮುಖಕ್ಕೆ. ನೆಗೆಟಿವ್‌ನಲ್ಲಿ ಅದು ಇರ್ಲೇ ಇಲ್ಲ, ಬರೀ ಕತ್ತಲೆ. ಒಳಗಿಂದ ಎಳ್ಕೊಂಡು ಬಂದೆ."

ಫೆಬ್ರವರಿ 9, ಭಾನುವಾರ

ಒಳ್ಳೆಯ ಉಪಾಯ ಅಂದುಕೊಂಡು ಹೇಳಿದೆ. ತೂಗುಹಾಕುವ ದಿನಗಳಲ್ಲಿ ಪ್ರದರ್ಶನದ ಹಾಲಿನಲ್ಲಿ ಜೋರು ದೀಪ ಇರುತ್ತದೆ, ಜನ ಇರುವುದಿಲ್ಲ, ಸಾಮಾನು ಇಳಿಸುವ ಬಾಗಿಲಿನಿಂದ ಹತ್ತು ನಿಮಿಷ ಕರೆದುಕೊಂಡು ಹೋಗಿ ತೋರಿಸುತ್ತೇನೆ ಅಂತ.

"ಇಪ್ಪತ್ತೇಳು ವರ್ಷ ಕತ್ತಲೆಲಿ ನಿಂತು ಮಾಡಿದೀನಿ" ಅಂದಳು. "ಅಲ್ಲಿ ಉದ್ಘಾಟನೆ ನಡೀತಿದ್ರೆ ನಾನಿಲ್ಲಿ ಟ್ರೇ ತೊಳೀತಿದ್ದೆ. ಬಾ ಅಂತ ಒಬ್ರೂ ಕರೀಲಿಲ್ಲ. ಈಗ ನೋಡೋಕೂ ಕಳ್ಳಿ ಥರ ಹಿಂದಿನ ಬಾಗಿಲಿಂದ ಬರ್ಲಾ? ಕರೆದ್ರೆ ಮುಂದಿನ ಬಾಗಿಲಿಂದ ಬರ್ತೀನಿ. ಇಲ್ಲಾಂದ್ರೆ ಬೇಡ ಬಿಡು."

ಹಟಮಾರಿ. ನಮ್ಮಪ್ಪನದೇ ಪಡಿಯಚ್ಚು. ಕಿಟಕಿಯ ಕಟ್ಟೆಯಿಂದ ಉಪ್ಪು ತಂದು ಒಲೆಯ ಬಲಕ್ಕಿಟ್ಟೆ.

ಫೆಬ್ರವರಿ 12, ಬುಧವಾರ

ಕಣ್ಣಿನ ಡಾಕ್ಟರ ಹತ್ತಿರ ಜೊತೆಗೆ ಹೋಗಿದ್ದೆ. ಡಾಕ್ಟರಮ್ಮ ಒಂದು ಕಾಗದದಲ್ಲಿ ವೃತ್ತ ಬರೆದು ನಡುವೆ ಕಪ್ಪು ಬಳಿದು ತೋರಿಸಿದರು. ಎರಡು ಕಣ್ಣಲ್ಲೂ ನಡುಭಾಗ ಹೋಗಿದೆ. ಅಂಚು ಮಾತ್ರ ಉಳಿದಿದೆ. ಅದೂ ದಿನೇ ದಿನೇ ಮಸುಕಾಗುತ್ತಿದೆ. ಬೇಸಿಗೆ ಮುಗಿಯುವಷ್ಟರಲ್ಲಿ ಎಷ್ಟು ಉಳಿದಿರುತ್ತದೋ ಹೇಳಲಾರೆ ಅಂದರು.

"ನೇರ ನೋಡಿದ್ದು ಇವರಿಗೆ ಕಾಣೋದಿಲ್ಲ. ನಿಮ್ಮನ್ನ ನೋಡ್ಬೇಕು ಅಂದ್ರೆ ನಿಮ್ಮ ಪಕ್ಕಕ್ಕೆ ನೋಡ್ಬೇಕು."

ಐದಾರು ವಾರದಿಂದ ಒಂದು ಮೊಳೆಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ.

ಉಪ್ಪನ್ನು ಕಿಟಕಿಯ ಹತ್ತಿರ ಇಟ್ಟು ಬಂದೆ.

ಫೆಬ್ರವರಿ 17, ಸೋಮವಾರ

ಕ್ಯುರೇಟರ್ ಮೇಡಂ ಹತ್ತಿರ ಹೋಗಿ ಎರಡು ಕೇಳಿದೆ: ಅಕ್ಕನಿಗೊಂದು ಆಹ್ವಾನ, ಗೋಡೆಯ ಮೇಲೆ ಅವಳ ಹೆಸರು. ಈ ಪ್ರದರ್ಶನವನ್ನು ರೂಪಿಸಿದವರು ಅವರೇ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕೂದಲಿನಲ್ಲಿ ಸದಾ ಒಂದೆರಡು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾರೆ. ಕೆಟ್ಟವರಲ್ಲ, ಅವಸರದವರು.

"ನೋಡಿ, ಇನ್ನೂರು ಜನಕ್ಕೇ ಜಾಗ. ಸಿಬ್ಬಂದಿ ಮನೆಯವರಿಗೆ ಅಂತ ಒಂದು ಕೊಟ್ರೆ ಎಲ್ಲರಿಗೂ ಕೊಡ್ಬೇಕಾಗುತ್ತೆ. ಗೋಡೆ ಬರಹ ಆಗ್ಲೇ ಪ್ರೆಸ್ಸಿಗೆ ಹೋಗಿದೆ. ಮತ್ತೆ, ಪ್ರಿಂಟ್ ಮಾಡಿದವರ ಹೆಸರು ಹಾಕೋ ಪದ್ಧತಿ ಇಲ್ವಲ್ಲ."

ಅವಳು ಬರೀ ಮನೆಯವಳಲ್ಲ ಮೇಡಂ, ಆ ಕೈಬರಹ ನೋಡಿ ಅನ್ನಬೇಕಿತ್ತು. ಅಷ್ಟರಲ್ಲಿ ಅವರ ಫೋನು ಬಂತು, ನನ್ನ ಮಾತು ಒಳಗೇ ಉಳಿಯಿತು. ನನ್ನ ಹಣೆಬರಹವೇ ಇಷ್ಟು, ಬೇಕಾದಾಗ ಮಾತು ಬಾರದು.

ಬೇಡದಾಗ ಮಾತ್ರ ಬರುತ್ತದೆ. ಮನೆಗೆ ಬಂದಾಗ ಅಕ್ಕ ತನ್ನ ಬೂದು ಕೋಟನ್ನು ಕುರ್ಚಿಗೆ ಹಾಕಿ ಬ್ರಷ್ಷಿನಿಂದ ಉಜ್ಜುತ್ತಿದ್ದಳು. "ಕಾರ್ಡು ಬರುತ್ತೆ ಅಕ್ಕ, ಒಂದೆರಡು ದಿನ" ಅಂದುಬಿಟ್ಟೆ. ಹಾಳು ಬಾಯಿ!

ಫೆಬ್ರವರಿ 20, ಗುರುವಾರ

ಕಾರ್ಡು ಬಂದಿಲ್ಲ. ಬರುವುದಾದರೂ ಎಲ್ಲಿಂದ?

ಸಂಜೆ ಅಕ್ಕನಿಗೆ ಫೋಟೋಗಳನ್ನು ವರ್ಣಿಸಿ ಹೇಳುವ ಕೆಲಸ ಹತ್ತಿಕೊಂಡಿದೆ. ದಿನಕ್ಕೆ ನಾಲ್ಕೈದು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೋಗಿ ನೋಡಿ, ಮರೆಯದಂತೆ ಬರೆದುಕೊಂಡು ಬರುತ್ತೇನೆ. ನೆಟ್ಟಗಿನ ಕಾಗದ ಸಿಗದೆ ಮೇಜಿನ ಖಾನೆಯಲ್ಲಿದ್ದ ಯಾವುದೋ ಹಾಳೆಯ ಹಿಂಬದಿಯಲ್ಲಿ ಬರೆದೆ, ತುಂಬಿಹೋಯಿತು.

"ಸೇತುವೆ, ಮಂಜು, ಒಬ್ಬ ಸೈಕಲ್ ತಳ್ಕೊಂಡು ಹೋಗ್ತಿದಾನೆ" ಅಂದರೆ ಅವಳಿಗೆ ಸಾಲದು. ಮಂಜು ಎಲ್ಲಿ ದಪ್ಪ, ಎಲ್ಲಿ ತೆಳು? ಚಕ್ರದ ಕಡ್ಡಿ ಎಣಿಸೋಕೆ ಬರುತ್ತಾ? ನಾಳೆ ನೋಡಿ ಬರುತ್ತೇನೆ ಅನ್ನುತ್ತೇನೆ. ಹೊಲಿಗೆಯಜ್ಜಿಯ ಮುಖವನ್ನು ಇವತ್ತು ಹತ್ತು ನಿಮಿಷ ನೋಡಿದೆ. ಕೆನ್ನೆಯ ಮೇಲೆ ಬಟ್ಟೆಯ ನೆರಿಗೆ ಒತ್ತಿ ಮೂಡಿದ ಗೆರೆ ಇದೆ. ಅಷ್ಟು ಕತ್ತಲೆಯಲ್ಲೂ ಅದು ಕಾಣುತ್ತದೆ. ಹೇಳಿದೆ.

"ಗೆರೆ ಇದೆಯಾ? ಇನ್ನೂ ಇದೆಯಾ?" ಅಂತ ಎರಡು ಸಲ ಕೇಳಿದಳು. ಆಮೇಲೆ ಬಲಗೈ ಎತ್ತಿ ಗಾಳಿಯಲ್ಲಿ ಏನನ್ನೋ ಮುಚ್ಚಿದ ಹಾಗೆ ಹಿಡಿದು, ಬಾಯೊಳಗೇ ಒಂದು ರಾಗ ಗುನುಗಿ ನಾಲ್ಕು ಎಣಿಸಿದಳು. ಹಾಗೆ ಬೆಳಕಿಗೆ ಕೈ ಅಡ್ಡ ಹಿಡಿದರೆ ಕಾಗದದ ಮೇಲೆ ಆ ಜಾಗ ಕಪ್ಪಾಗದೆ ತಿಳಿಯಾಗಿ ಉಳಿಯುತ್ತದಂತೆ. ಗಡಿಯಾರ ನೋಡಲು ಕೈ ಬಿಡುವಿರುವುದಿಲ್ಲ, ಅದಕ್ಕೇ ರಾಗದಲ್ಲಿ ಎಣಿಕೆ. ಹಿಂಬದಿಯ 'ಮುಖ 4' ಅಂದರೆ ಇದೇ.

ಮೂವತ್ತೊಂದು ವರ್ಷ ನಾನು ಅಂಚನ್ನೇ ನೋಡಿದವನು, ಈಗ ಅಂಚು ಮಾತ್ರ ಕಾಣುವವಳಿಗೆ ನಡುವಿನದ್ದು ಹೇಳುತ್ತಿದ್ದೇನೆ. ನಮ್ಮನ್ನು ಹೆತ್ತವರು ನೋಡಿದ್ದರೆ ನಗುತ್ತಿದ್ದರು.

ಫೆಬ್ರವರಿ 23, ಭಾನುವಾರ

ಅಕ್ಕನ ಕಣ್ಣಿನ ಎತ್ತರಕ್ಕೆ ಒಂದು ಸಣ್ಣ ಶೆಲ್ಫು, ಮೇಲೊಂದು ದೀಪ ಹಾಕಿದೆ. ಉಪ್ಪು, ಔಷಧಿ, ಬಾಚಣಿಗೆ ಎಲ್ಲ ಅಲ್ಲಿ. ಅವಳನ್ನು ಬಾಗಿಲ ಪಕ್ಕ ನಿಲ್ಲಿಸಿ ನನ್ನ ಅಳತೆಕೋಲು ಹಿಡಿದು ಕಣ್ಣಿನ ಮಟ್ಟಕ್ಕೆ ಕೋಲಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡೆ. ನೂರ ಮೂವತ್ತೆಂಟು. "ಕುಳ್ಳಿ" ಅಂದೆ. "ನಿನ್ನನ್ನ ಎತ್ತಿ ಆಡಿಸಿದ ಕುಳ್ಳಿ" ಅಂದಳು.

ಕೋಲಿನ ಹಳೆಯ ಗೆರೆ ಸವೆದು ಮಾಸಿಹೋಗಿದೆ. ಅದನ್ನೂ ಹೊಸದಾಗಿ ಎಳೆಯಬೇಕು.

ಫೆಬ್ರವರಿ 25, ಮಂಗಳವಾರ

ಅರವತ್ತೆರಡೂ ಗೋಡೆ ಏರಿದವು. ಎರಡೇ ದಿನದಲ್ಲಿ! ದೀಪ ಜೋಡಿಸುವವಳು ಕೂಡ, ತೆಳ್ಳಗಿರುವುದರಿಂದ ಅವಳನ್ನು ಸೂಜಿ ಅನ್ನುತ್ತೇವೆ, "ಏನ್ ಸಾರ್ ಇಷ್ಟು ಜೋರು?" ಅಂದಳು. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ತಲೆಯಲ್ಲಿ ಮಾತ್ರ ಮನೆಗೆ ಹೋಗಿ ಯಾವುದನ್ನು ಹೇಗೆ ಹೇಳುವುದೆಂಬ ಲೆಕ್ಕ. ರಸಮಟ್ಟ ಇಟ್ಟು ಒಂದೊಂದನ್ನೂ ನೋಡಿದೆ. ಗುಳ್ಳೆ ಎಲ್ಲದರಲ್ಲೂ ನಟ್ಟನಡುವೆ.

ಆಹ್ವಾನದ ಬಗ್ಗೆ ಅಕ್ಕ ಇವತ್ತೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಕೋಟು ಬಾಗಿಲ ಹಿಂದೆ ತೂಗುತ್ತಿದೆ.

ಫೆಬ್ರವರಿ 26, ಬುಧವಾರ

ಮಾನ ಹೋಯಿತು.

ಬೆಳಿಗ್ಗೆ ಮೇಡಂ ಹಾಲಿಗೆ ಬಂದವರು ಬಾಗಿಲಲ್ಲೇ ನಿಂತರು. ತಲೆ ಒಮ್ಮೆ ಬಗ್ಗಿಸಿದರು, ಎತ್ತಿದರು. "ಯಾಕೆ ಎಲ್ಲ ಕೆಳಗಿದೆ?"

ಕೆಳಗಿರುವುದು ಹೇಗೆ ಸಾಧ್ಯ ಅಂತ ಅಳತೆ ಹಿಡಿದೆ. ಚಿತ್ರದ ನಡು ನೆಲದಿಂದ ನೂರೈವತ್ತು ಸೆಂಟಿಮೀಟರ್ ಇರಬೇಕು. ಎಲ್ಲ ಮ್ಯೂಸಿಯಮ್ಮಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ನಮ್ಮದು ನೂರ ಮೂವತ್ತೆಂಟು. ಕೋಲಿನಲ್ಲಿ ಎದ್ದು ಕಾಣುತ್ತಿದ್ದ ಕೆಂಪು ಗೆರೆಯನ್ನೇ ಹಿಡಿದು ಎರಡು ದಿನ ಮೊಳೆ ಹೊಡೆದಿದ್ದೇನೆ. ಅರವತ್ತೆರಡೂ ಒಂದೇ ನೇರ, ಒಂದೇ ಮಟ್ಟ, ಒಂದೂ ವಾಲಿಲ್ಲ, ಎಲ್ಲವೂ ತಪ್ಪು. ಮೂವತ್ತೊಂದು ವರ್ಷದಲ್ಲಿ ಹೀಗಾಗಿರಲಿಲ್ಲ.

ಬದಲಿಸೋಣ ಅಂದರೆ ನೂರ ಇಪ್ಪತ್ತನಾಲ್ಕು ತೂತು ಮುಚ್ಚಿ ಬಣ್ಣ ಬಳಿಯಬೇಕು. ಹಸಿ ಬಣ್ಣದ ಗಾಳಿ ಹಳೆಯ ಫೋಟೋಗಳಿಗೆ ಆಗದು, ಆರಲು ಮೂರು ದಿನವಾದರೂ ಬೇಕು. ಇರುವುದು ಎರಡು.

"ಯಾರ ಅಳತೆ ಇದು?" ಅಂತ ಕೇಳಿದರು ಮೇಡಂ.

"ನಮ್ಮಕ್ಕಂದು" ಅಂದೆ.

ಅಲ್ಲಿಂದ ಮುಂದೆ ಅಣೆಕಟ್ಟು ಒಡೆದ ಹಾಗೆ ಎಲ್ಲ ಹೇಳಿದೆ. ಕಣ್ಣು, ಶೆಲ್ಫು, ಹನ್ನೊಂದು ರಾತ್ರಿ, ಹಿಂದಿನ ಬಾಗಿಲು, ನಾನು ಹೇಳಿದ ಸುಳ್ಳು. ಹೊಲಿಗೆಯಜ್ಜಿಯನ್ನು ಗೋಡೆಯಿಂದ ಇಳಿಸಿ ಹಿಂಬದಿ ತೋರಿಸಿದೆ. ಜೇಬಿನಲ್ಲೇ ಉಳಿದಿದ್ದ ಅಂಗಡಿ ಚೀಟಿ ತೆಗೆದು ಪಕ್ಕದಲ್ಲಿ ಹಿಡಿದೆ. ಬಲ್ಬು 4. ಮುಖ 4.

ಮೇಡಂ ಕೂದಲಿನಿಂದ ಪೆನ್ಸಿಲ್ ತೆಗೆದರು, ಮತ್ತೆ ಸಿಕ್ಕಿಸಿಕೊಂಡರು. "ಇದು ಫೋಟೋ ತೆಗೆದವರದೇ ಕೈಬರಹ ಅಂತ ಪ್ರದರ್ಶನದ ಪುಸ್ತಕದಲ್ಲಿ ಎರಡು ಪುಟ ಬರೆದಿದೀನಿ ನಾನು" ಅಂದರು. ಅಂಗಡಿ ಚೀಟಿಯನ್ನು ತೆಗೆದುಕೊಂಡೇ ಹೋದರು. ಬಲ್ಬು ತರಲು ಇವತ್ತೂ ಮರೆತೆ.

ಅಕ್ಕನಿಗೆ ಏನೂ ಹೇಳಲಿಲ್ಲ. ಹೊಟ್ಟೆ ಸರಿಯಿಲ್ಲ ಅಂತ ಮಲಗಿದೆ.

ಫೆಬ್ರವರಿ 27, ಗುರುವಾರ

ಸಲಕರಣೆ ಪೆಟ್ಟಿಗೆಯ ಮೇಲೆ ಒಂದು ಲಕೋಟೆ. ಒಳಗೆ ದಪ್ಪ ಕಾಗದದ ಆಹ್ವಾನ. ರಸಮಟ್ಟನ ಅಕ್ಕ ಅಂತಲ್ಲ, ಅವಳ ಪೂರ್ತಿ ಹೆಸರು, ಶಾಯಿಯಲ್ಲಿ. ಎತ್ತರದ ಮಾತೇ ಇಲ್ಲ. ಸೂಜಿ ಏಣಿ ಹತ್ತಿ ದೀಪಗಳನ್ನೆಲ್ಲ ಹನ್ನೆರಡು ಸೆಂಟಿಮೀಟರ್ ಕೆಳಕ್ಕೆ ತಿರುಗಿಸುತ್ತಿದ್ದಳು.

ಅಕ್ಕ ಕಾರ್ಡನ್ನು ಕೈಯಲ್ಲಿ ಹಿಡಿದು ಬೆರಳಿನಿಂದ ಅಂಚನ್ನು ಸುತ್ತಲೂ ಸವರಿದಳು. "ಒಂದೆರಡು ದಿನ ಅಂದೆ, ಹತ್ತು ದಿನ ಮಾಡ್ದೆ."

ಮಾರ್ಚ್ 1, ಶನಿವಾರ

ನಿನ್ನೆಯದನ್ನು ನಿನ್ನೆಯೇ ಬರೆಯಲಾಗಲಿಲ್ಲ. ಬಂದಾಗ ಒಂದು ಗಂಟೆ.

ಎಂಟಕ್ಕೆ ಹೋದೆವು, ಮುಂದಿನ ಬಾಗಿಲಿನಿಂದ. ಮೂವತ್ತೊಂದು ವರ್ಷದಲ್ಲಿ ನಾನೂ ಆ ಮೆಟ್ಟಿಲು ಹತ್ತಿದವನಲ್ಲ, ನನ್ನದು ಯಾವಾಗಲೂ ಹಿಂದಿನದೇ. ಹನ್ನೆರಡು ಮೆಟ್ಟಿಲು ಅಂತ ಕಿವಿಯಲ್ಲಿ ಹೇಳಿದೆ. ಅಕ್ಕ ನನ್ನ ಮೊಣಕೈ ಹಿಡಿದು ಎಣಿಸಿಕೊಂಡೇ ಹತ್ತಿದಳು. ಬಾಗಿಲಲ್ಲಿ ಕಾರ್ಡು ಕೇಳಿದವರಿಗೆ ತೋರಿಸಿದಳೇ ಹೊರತು ಕೊಡಲಿಲ್ಲ.

ಒಳಗೆ ಮಂದ ದೀಪ. ಕಾಣದೇನೋ ಅಂತ ನನಗೆ ಕಳವಳ. "ಕತ್ತಲೆ ನಂಗೇನು ಹೊಸದಾ?" ಅಂದಳು. ಯಾರೋ ಟ್ರೇಯಲ್ಲಿ ವೈನು ತಂದರು. ಅಕ್ಕ ಮೂಸಿ ನೋಡಿ, "ಅಯ್ಯೋ, ಇದು ಡಾರ್ಕ್‌ರೂಮಿನ ಎರಡನೇ ಟ್ರೇ ವಾಸನೆ" ಅಂದಳು. ಅಲ್ಲಿ ಫೋಟೋ ಅದ್ದುವ ಹುಳಿನೀರು ಹಾಗೇ ಇರುತ್ತದಂತೆ. ಆದರೂ ಲೋಟ ಖಾಲಿ ಮಾಡಿದಳು.

ಆಗ ನೋಡಿದೆ. ಇನ್ನೂರು ಜನ, ಶಾಲು, ಕೋಟು, ಎತ್ತರದ ಹಿಮ್ಮಡಿ ಚಪ್ಪಲಿ, ಒಬ್ಬೊಬ್ಬರೂ ಒಂದೊಂದು ಫೋಟೋದ ಮುಂದೆ ತಲೆ ಬಗ್ಗಿಸಿ ನಿಂತಿದ್ದರು. ಬಗ್ಗದೆ ಕಾಣುವುದಿಲ್ಲವಲ್ಲ. ಆ ಹಾಲಿನಲ್ಲಿ ನೆಟ್ಟಗೆ ನಿಂತು ನೋಡುತ್ತಿದ್ದವಳು ಅಕ್ಕ ಒಬ್ಬಳೇ.

ಹೊಲಿಗೆಯಜ್ಜಿಯ ಮುಂದೆ ನಿಂತಾಗ ಅಕ್ಕ ಮುಖವನ್ನು ಬಾಗಿಲ ಕಡೆ ತಿರುಗಿಸಿದಳು. ಪಕ್ಕದಲ್ಲಿದ್ದ ಹೆಂಗಸು ಈಕೆಗೆ ಬೇಜಾರಾಗಿರಬೇಕು ಅಂದುಕೊಂಡರೋ ಏನೋ. ನನಗೆ ಗೊತ್ತಿತ್ತು, ಕಣ್ಣೆಲ್ಲ ಫೋಟೋದ ಮೇಲೇ ಇದೆ. ಬಲಗೈ ನಿಧಾನವಾಗಿ ಮೇಲೆದ್ದಿತು, ಆ ಮುಖಕ್ಕೆ ನೆರಳು ಹಿಡಿದ ಹಾಗೆ. ತುಟಿ ಎಣಿಸತೊಡಗಿತು. ಒಂದು, ಎರಡು... ಕೈ ಇಳಿಯಿತು.

"ಆಗ್ತಿಲ್ಲ ಕಣೋ. ಆ ಸಂಗೀತ ಅವಸರ ಮಾಡ್ತಿದೆ. ಎಣಿಕೆ ತಪ್ಪುತ್ತೆ. ಹೀಗೇ ಹೋದ್ರೆ ಮುಖ ಕಪ್ಪಾಗುತ್ತೆ."

ಮೂಲೆಯಲ್ಲಿ ಮೂವರು ನುಡಿಸುತ್ತಿದ್ದರು. ಸ್ಯಾಕ್ಸೊಫೋನ್, ಆಳೆತ್ತರದ ತಂತಿವಾದ್ಯ, ಡ್ರಮ್ಮು. ಹೋಗಿ ಹೇಳಿದೆ: "ಸ್ವಲ್ಪ ನಿಧಾನ ಮಾಡ್ತೀರಾ? ನಮ್ಮಕ್ಕ ಒಂದು ಫೋಟೋ ಪ್ರಿಂಟ್ ಮಾಡ್ತಿದಾಳೆ."

ಡ್ರಮ್ಮಿನವನು ನನ್ನನ್ನು ನೋಡಿದ, ಅವಳು ಮತ್ತೆ ಎತ್ತಿದ್ದ ಕೈ ನೋಡಿದ. ಲಯ ಇಳಿಯಿತು. ಅಕ್ಕ ಆ ಮುಖಕ್ಕೆ ನಾಲ್ಕು ಎಣಿಸಿದಳು, ಕಿಟಕಿಗೆ ಹನ್ನೊಂದು. ಆಮೇಲೆ ಪಕ್ಕದ ಫೋಟೋ, ಅದರ ಪಕ್ಕದ್ದು. ಜನ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿ ದಾರಿ ಬಿಟ್ಟರು. ಯಾರೂ ಗೋಡೆಗೆ ಒರಗಲಿಲ್ಲ. ಮೇಡಂ ಲೋಟ ಹಿಡಿದುಕೊಂಡೇ ಅಳುತ್ತಿದ್ದರು. ನಾನೂ ಅತ್ತೆ, ಅದರಲ್ಲೇನಿದೆ.

ಗೋಡೆ ಬರಹದ ಕೆಳಗೆ ಮೇಡಂ ತಾವೇ ಒಂದು ಚೀಟಿ ಅಂಟಿಸಿದ್ದರು. 'ಎಲ್ಲ ಚಿತ್ರಗಳ ಮುದ್ರಣ' ಅಂತ, ಮುಂದೆ ಅಕ್ಕನ ಹೆಸರು. ನಾನು ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದಳು. ಮೂರು ಸಲ ಓದಿದೆ. ಚೀಟಿ ಎಡಕ್ಕೆ ಚೆನ್ನಾಗಿಯೇ ವಾಲಿತ್ತು. ಇರಲಿ ಅನ್ನಿಸಿತು.

28ಕ್ಕೆ ಇನ್ನೇನೋ ಕೊಡುವುದಿತ್ತು ಅಂತ ಬೆಳಿಗ್ಗೆಯಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ನೆನಪಾಗುತ್ತಿಲ್ಲ. ಮುಖ್ಯವಾದದ್ದಾಗಿದ್ದರೆ ನೆನಪಾಗುತ್ತಿತ್ತು.

ಮಾರ್ಚ್ 2, ಭಾನುವಾರ

ಬಿಡುವಿತ್ತು. ಕೊನೆಗೂ ಆ ಸೊಟ್ಟ ಮೊಳೆ ಕೀಳೋಣ ಅಂತ ಸುತ್ತಿಗೆ ತಂದೆ. ಅಕ್ಕ ಊಟದ ಮೇಜಿನಲ್ಲಿ ತನ್ನ ಜಾಗದಲ್ಲಿ ಕೂತಿದ್ದಳು.

"ಏನ್ ಮಾಡ್ತಿದೀಯೋ?"

"ಈ ಮೊಳೆ ತೆಗೀತೀನಿ. ಹನ್ನೆರಡು ವರ್ಷ ಆಯ್ತು."

"ಬೇಡ, ಬಿಡು."

"ನಿಂಗೆ ಅದು ಕಾಣೋದೇ ಇಲ್ವಲ್ಲ!"

"ಕಾಣಲ್ಲ. ಅದು ಅಲ್ಲಿದೆ ಅಂತ ಗೊತ್ತು, ಅಷ್ಟೇ. ಅದರ ಕಡೆ ತಿರುಗಿ, ಅದು ಪೂರ್ತಿ ಕಾಣದೇ ಹೋದಾಗ್ಲೇ ನೀನು ಕಾಣೋದು."

ಸುತ್ತಿಗೆ ಕೆಳಗಿಟ್ಟು ನನ್ನ ಕುರ್ಚಿಯಲ್ಲಿ ಬಂದು ಕೂತೆ. ಅಕ್ಕ ಮೊಳೆಯ ಕಡೆ ತಿರುಗಿದಳು. "ಸರಿಯಾಗಿ ಕೂತ್ಕೋ" ಅಂದಳು, "ಸ್ವಲ್ಪ ಬಲಕ್ಕೆ. ಹಾಂ, ಈಗ ಹೇಳು."